ಗೋಲಿಗಿಂತ ಮೊದಲು ಕಾಗದ: ಸೋನ್ ಹ್ಯುಂಗ್-ಮಿನ್ ಸೈನ್ಯದಿಂದ ತಪ್ಪಿಸಿಕೊಂಡ ಕಥೆ

[ತೆರೆಯ ಮೇಲೆ: ದೋಹಾ, 18 ಜನವರಿ 2011. ಭಾರತ – ದಕ್ಷಿಣ ಕೊರಿಯಾ]

ಏಷ್ಯನ್ ಕಪ್ ಫುಟ್‌ಬಾಲ್. ಒಂಬತ್ತು ನಿಮಿಷ ಆಗೋ ಅಷ್ಟರಲ್ಲಿ ಕೊರಿಯಾ ಎರಡು ಗೋಲು ಹೊಡೆದಾಗಿದೆ. ಹನ್ನೆರಡನೇ ನಿಮಿಷಕ್ಕೆ ನಮಗೊಂದು ಪೆನಾಲ್ಟಿ ಸಿಗುತ್ತೆ, ಸುನಿಲ್ ಛೆಟ್ರಿ ಒಳಗೆ ಹಾಕ್ತಾನೆ. ಅಲ್ಲಿಂದಾಚೆ ಗೋಲ್‌ಕೀಪರ್ ಸುಬ್ರತಾ ಪಾಲ್ ಹಾರಿ, ಬಿದ್ದು, ಎದ್ದು ತಡೆದಿದ್ದೇ ತಡೆದಿದ್ದು. ಆದ್ರೂ ಕೊನೆಗೆ 4-1. ಆ ನಾಲ್ಕನೇ ಗೋಲು ಇದೆಯಲ್ಲ, 81ನೇ ನಿಮಿಷದ್ದು, ಅದನ್ನ ಹೊಡೆದವನಿಗೆ ಆಗ 18 ವರ್ಷ. ದೇಶದ ಪರ ಅವನ ಮೊಟ್ಟಮೊದಲ ಗೋಲು. ಹೆಸರು ಸೋನ್ ಹ್ಯುಂಗ್-ಮಿನ್.

ನಮಸ್ಕಾರ. ಇವತ್ತಿನ ವಿಡಿಯೋ ಸೋನ್ ಬಗ್ಗೆ. ಏಕವಚನದಲ್ಲೇ ಮಾತಾಡ್ತೀನಿ, ಸಚಿನ್ ಬಗ್ಗೆ ಮಾತಾಡ್ತೀವಲ್ಲ, ಹಾಗೆ. ಅವನ ಗೋಲುಗಳ ವಿಡಿಯೋ ಬೇಕಾದಷ್ಟು ಸಿಗ್ತವೆ. ನಾನು ಹೇಳೋಕೆ ಹೊರಟಿರೋದು ಬೇರೆ. ಹೊರದೇಶದಲ್ಲಿ ಆಡೋ ಫಾರ್ವರ್ಡ್‌ನ, ಅಂದ್ರೆ ಮುಂದೆ ನಿಂತು ಗೋಲು ಹೊಡೆಯೋ ಆಟಗಾರನ, ಹಣೆಬರಹ ಎಷ್ಟೋ ಸಲ ಮೈದಾನದಲ್ಲಿ ಬರೆಯೋದಲ್ಲ, ಯಾವುದೋ ಕಚೇರಿಯ ಕಾಗದದಲ್ಲಿ ಬರೆಯೋದು.

ಛೆಟ್ರಿದೇ ನೋಡಿ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವನನ್ನ ಕರೆದಿತ್ತು. ಮಾತು ಮುಗಿದಿತ್ತು. ಬ್ರಿಟಿಷ್ ಸರ್ಕಾರ ವರ್ಕ್ ಪರ್ಮಿಟ್ ಕೊಡಲಿಲ್ಲ. ಯಾಕೆ? ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರೊಳಗೆ ಇರಲಿಲ್ಲ. ಆಡೋನು ಛೆಟ್ರಿ, ಫೇಲಾಗಿದ್ದು ದೇಶದ ಮಾರ್ಕ್ಸ್ ಕಾರ್ಡು!

ಸೋನ್ ತಲೆ ಮೇಲೆ ತೂಗ್ತಿದ್ದ ಕಾಗದ ಬೇರೆ ಥರದ್ದು. ಅದಕ್ಕೆ ಬರ್ತೀನಿ. ಮೊದಲು ಅವನ ಕಾಲಿನ ವಿಷಯ.

[ತೆರೆಯ ಮೇಲೆ: ಸೋನ್ ಹುಟ್ಟೂರು ಚುಂಚಿಯೊನ್ ನಗರದ ನಕ್ಷೆ]

ಅಪ್ಪ ಸೋನ್ ಉಂಗ್-ಜಂಗ್ ತಾವೇ ವೃತ್ತಿಪರ ಆಟಗಾರ. ಗಾಯದಿಂದಾಗಿ ಇಪ್ಪತ್ತೆಂಟಕ್ಕೇ ಆಟ ಬಿಟ್ಟವರು. ಮಗನನ್ನ ಪಂದ್ಯಕ್ಕೆ ಬಿಡೋ ಮೊದಲು ವರ್ಷಗಟ್ಟಲೆ ಬರೀ ಚೆಂಡು ಹಿಡಿತಕ್ಕೆ ತರೋದನ್ನೇ ಕಲಿಸಿದ್ರು. ಸಂಗೀತದ ಮೇಷ್ಟ್ರು ವರ್ಷಾನುಗಟ್ಟಲೆ ಸರಳೆ ವರಸೆ ಹಾಡಿಸ್ತಾರಲ್ಲ, ಕೀರ್ತನೆ ಮಾತೇ ಎತ್ತಲ್ಲ, ಅದೇ ಲೆಕ್ಕ. ಅಣ್ಣ ತಮ್ಮ ಜಗಳ ಆಡಿದ್ರೆ ಶಿಕ್ಷೆ ಏನು ಗೊತ್ತಾ? ನಾಲ್ಕು ಗಂಟೆ ಚೆಂಡು ನೆಲಕ್ಕೆ ಬೀಳದ ಹಾಗೆ ಕಾಲಲ್ಲೇ ಪುಟಿಸ್ತಾ ಇರಬೇಕು.

2011ರ ಬೇಸಿಗೆ ರಜೆಯಲ್ಲಿ, ಆಗಲೇ ಜರ್ಮನಿಯಲ್ಲಿ ಆಡ್ತಿದ್ದ ಹುಡುಗನಿಗೆ ದಿನಕ್ಕೆ ಸಾವಿರ ಶಾಟ್. ಬಲಗಾಲಲ್ಲಿ 500, ಎಡಗಾಲಲ್ಲಿ 500. ಅದರ ಫಲ ಹೀಗೆ ನೋಡಿ.

[ಗ್ರಾಫಿಕ್: ಪೆನಾಲ್ಟಿ ಬಾಕ್ಸಿನ ಎರಡು ಮೂಲೆಗಳು ಹಳದಿ ಬಣ್ಣದಲ್ಲಿ]

ಬಾಕ್ಸಿನ ಎಡಮೂಲೆಯಲ್ಲಿ ಚೆಂಡು ಸಿಕ್ಕರೆ ಬಲಗಾಲಲ್ಲಿ ತಿರುಗಿಸಿ ಹೊಡೀತಾನೆ, ಅದು ದೂರದ ಕಂಬದ ಹೊರಗಿಂದ ಬಳಸಿ ಒಳಗೆ ಬರುತ್ತೆ. ಬಲಮೂಲೆಯಲ್ಲಿ ಸಿಕ್ಕರೆ ಎಡಗಾಲಲ್ಲಿ ಅದೇ ಶಾಟ್. ಡಿಫೆಂಡರ್‌ಗಳಿಗೆ ತಲೆನೋವು ಇದೇ. ಎದುರಾಳಿಯನ್ನ ಅವನ ದುರ್ಬಲ ಕಾಲಿನ ಕಡೆ ತಳ್ಳೋದು ಅವರ ಹಳೇ ಪಾಠ. ಇವನಿಗೆ ದುರ್ಬಲ ಕಾಲು ಅಂತ ಯಾವುದಿದೆ? ಕೊರಿಯಾದವರು ಆ ಜಾಗಕ್ಕೆ ‘ಸೋನ್ ವಲಯ’ ಅಂತಲೇ ಹೆಸರಿಟ್ಟಿದ್ದಾರೆ.

ಹದಿನಾರಕ್ಕೆ ಜರ್ಮನಿಯ ಹ್ಯಾಂಬರ್ಗ್ ಕ್ಲಬ್ ಸೇರಿದ. 2013ರಲ್ಲಿ ಒಂದು ಕೋಟಿ ಯೂರೋ ಕೊಟ್ಟು ಅಲ್ಲಿನದೇ ಲೆವರ್ಕೂಸೆನ್ ಕರೆಸಿಕೊಂಡಿತು, 2015ರಲ್ಲಿ ಸುಮಾರು 2.2 ಕೋಟಿ ಪೌಂಡ್‌ಗೆ ಲಂಡನ್ನಿನ ಟಾಟೆನ್‌ಹ್ಯಾಮ್. ಇಂಗ್ಲೆಂಡಿನ ಮೊದಲ ವರ್ಷ ಬೇಸತ್ತು ಜರ್ಮನಿಗೆ ವಾಪಸ್ ಹೊರಟಿದ್ದ. ಕೋಚ್ ಪೊಚೆಟಿನೊ ತಡೆದು ನಿಲ್ಲಿಸಿದ್ರು.

ಈಗ ಆ ಕಾಗದ.

ದಕ್ಷಿಣ ಕೊರಿಯಾದಲ್ಲಿ ದೇಹ ಗಟ್ಟಿಯಿರೋ ಪ್ರತಿ ಗಂಡಸೂ ಒಂದೂವರೆಯಿಂದ ಎರಡು ವರ್ಷ ಸೈನ್ಯದಲ್ಲಿ ಕಳೀಬೇಕು. ಅದನ್ನ 28ರವರೆಗೆ ಮುಂದೆ ಹಾಕಬಹುದು, ಅಷ್ಟೇ. ಫುಟ್‌ಬಾಲ್ ಆಟಗಾರನ ಇಪ್ಪತ್ತೆಂಟು ಅಂದ್ರೆ ಫಸಲು ಕೊಯ್ಯೋ ಕಾಲ. ಅದೇ ಹೊತ್ತಿಗೆ ಕರೆ!

ಸೋನ್‌ಗಿಂತ ಮೊದಲೇ ಇದನ್ನ ಅನುಭವಿಸಿದವರು ಕೊರಿಯಾದ ಇನ್ನೊಬ್ಬ ಫಾರ್ವರ್ಡ್, ಚಾ ಬುಮ್-ಕುನ್. 1978ರ ಡಿಸೆಂಬರ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಪರ ಒಂದೇ ಒಂದು ಪಂದ್ಯ ಆಡಿದ್ರು. ವಾಯುಪಡೆಯ ಸೇವೆ ಬಾಕಿ ಇದೆ ಅಂತ ಊರಿಗೆ ವಾಪಸ್ ಹೋಗಬೇಕಾಯ್ತು. ಅದನ್ನ ಮುಗಿಸಿ 1979ರಲ್ಲಿ ಫ್ರಾಂಕ್‌ಫರ್ಟ್ ಸೇರಿ, ಆಮೇಲೆ ಜರ್ಮನಿಯ ಮೊದಲ ದರ್ಜೆ ಲೀಗ್ ಬುಂಡೆಸ್‌ಲೀಗಾದಲ್ಲಿ 98 ಗೋಲು. ಅದರಲ್ಲಿ ಒಂದೂ ಪೆನಾಲ್ಟಿ ಇಲ್ಲ ಅಂತಾರೆ ಅವರ ಅಭಿಮಾನಿಗಳು, ಎದೆಯುಬ್ಬಿಸಿ.

ತಪ್ಪಿಸಿಕೊಳ್ಳೋಕೆ ಎರಡೇ ಬಾಗಿಲು. ಒಲಿಂಪಿಕ್ಸ್‌ನಲ್ಲಿ ಯಾವುದಾದ್ರೂ ಪದಕ, ಇಲ್ಲಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಬೆಳ್ಳಿಗೆ ಬೆಲೆ ಇಲ್ಲ.

2012ರಲ್ಲಿ ಕೊರಿಯಾ ಒಲಿಂಪಿಕ್ ಕಂಚು ಗೆದ್ದಿತು, ಆ ತಂಡದಲ್ಲಿ ಸೋನ್ ಇರಲಿಲ್ಲ. 2014ರಲ್ಲಿ ತನ್ನದೇ ನೆಲದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು, ಆಗ ಲೆವರ್ಕೂಸೆನ್ ಇವನನ್ನ ಬಿಟ್ಟುಕೊಡಲಿಲ್ಲ. ಏಷ್ಯನ್ ಗೇಮ್ಸ್ ಫಿಫಾ ಕ್ಯಾಲೆಂಡರ್‌ನಲ್ಲಿಲ್ಲ, ಹಾಗಾಗಿ ಕ್ಲಬ್ ಬಿಡಲೇಬೇಕು ಅಂತೇನಿಲ್ಲ. 2016ರ ರಿಯೋಗೆ ಹೋದ. ಕ್ವಾರ್ಟರ್ ಫೈನಲ್‌ನಲ್ಲಿ ಹೊಂಡುರಾಸ್ ಎದುರು 0-1. ಮೈದಾನದಲ್ಲೇ ಬಿದ್ದು ಅತ್ತ.

ಉಳಿದಿದ್ದು 2018. ಮುಂದಿನ ಏಷ್ಯನ್ ಗೇಮ್ಸ್ ಹೊತ್ತಿಗೆ ವಯಸ್ಸು ಮೀರಿರುತ್ತೆ.

[ತೆರೆಯ ಮೇಲೆ: ಇಂಡೋನೇಷ್ಯಾ, ಆಗಸ್ಟ್ 2018]

ಅದು 23 ವರ್ಷದೊಳಗಿನವರ ಪಂದ್ಯಾವಳಿ. ಅದಕ್ಕಿಂತ ಹಿರಿಯರು ಮೂವರಿಗೆ ಮಾತ್ರ ಅವಕಾಶ. ಸೋನ್ ಆ ಮೂವರಲ್ಲಿ ಒಬ್ಬ, ನಾಯಕ ಕೂಡ. ಮೊದಲ ಪಂದ್ಯದಲ್ಲಿ ಬಹ್ರೇನ್ ಮೇಲೆ 6-0. ಎರಡನೇದರಲ್ಲಿ ಮಲೇಷ್ಯಾ ಕೈಲಿ 1-2ರಿಂದ ಸೋಲು! ಕ್ವಾರ್ಟರ್ ಫೈನಲ್‌ನಲ್ಲಿ ಉಜ್ಬೇಕಿಸ್ತಾನದ ಎದುರು ಹೆಚ್ಚುವರಿ ಸಮಯದಲ್ಲಿ 4-3. ಸೆಮಿಯಲ್ಲಿ ವಿಯೆಟ್ನಾಂ ಮೇಲೆ 3-1. ಸೆಪ್ಟೆಂಬರ್ 1ರಂದು ಫೈನಲ್, ಎದುರಿಗೆ ಜಪಾನ್. ಇಂಥ ಕಥೆಯಲ್ಲಿ ಇನ್ಯಾರಿರ್ತಾರೆ ಹೇಳಿ.

90 ನಿಮಿಷ 0-0. ಹೆಚ್ಚುವರಿ ಸಮಯದ ಮೂರನೇ ನಿಮಿಷ. ಸೋನ್ ಎಡಗಡೆಯಿಂದ ಬಾಕ್ಸಿನೊಳಗೆ ನುಗ್ತಾನೆ, ಒಳಕ್ಕೆ ತಿರುಗ್ತಾನೆ. ಅಷ್ಟರಲ್ಲಿ ಲೀ ಸಂಗ್-ವೂ ಪಕ್ಕಕ್ಕೆ ಸರಿ ಅಂತ ಕೂಗಿ, ಅವನ ಕಾಲಬುಡದಿಂದಲೇ ಚೆಂಡು ಎತ್ತಿಕೊಂಡು ಬಲೆಗೆ ಬಾರಿಸ್ತಾನೆ. ಎರಡು ವರ್ಷದ ಸೈನ್ಯವಾಸ ಪಣಕ್ಕಿಟ್ಟ ನಾಯಕ, ಎದುರಿಗೆ ಗೋಲು ಕಾಣ್ತಿರುವಾಗ, ಚೆಂಡು ಬಿಟ್ಟು ಸರಿದ. ನನಗೆ ಅವನ ಇಡೀ ವೃತ್ತಿಜೀವನದಲ್ಲಿ ಬಲು ಇಷ್ಟದ ಕ್ಷಣ ಇದು, ಅದರಲ್ಲಿ ಅವನು ಗೋಲೇ ಹೊಡೆದಿಲ್ಲ. ಸ್ವಲ್ಪ ಹೊತ್ತಿಗೆ ಸೋನ್ ಹೊಡೆದ ಫ್ರೀ ಕಿಕ್‌ಗೆ ಹ್ವಾಂಗ್ ಹೀ-ಚಾನ್ ತಲೆ ಕೊಟ್ಟ. 2-1ರಿಂದ ಚಿನ್ನ.

ಅಂದಮಾತ್ರಕ್ಕೆ ಪೂರ್ತಿ ಮಾಫಿ ಅಲ್ಲ. ಮೂರು ವಾರದ ಮೂಲ ತರಬೇತಿ, ಜೊತೆಗೆ 544 ಗಂಟೆ ಸಮಾಜಸೇವೆ ಇದ್ದೇ ಇದೆ. 2020ರಲ್ಲಿ ಕೋವಿಡ್‌ನಿಂದ ಇಂಗ್ಲೆಂಡಿನಲ್ಲಿ ಆಟ ನಿಂತಿತ್ತಲ್ಲ, ಅದೇ ಸಂದು ನೋಡಿ ಜೇಜು ದ್ವೀಪದಲ್ಲಿ ನೌಕಾಪಡೆಯ ಮರೀನ್ ದಳದ ಶಿಬಿರಕ್ಕೆ ಹೋದ. 157 ಜನರಲ್ಲಿ ಮೊದಲ ಐದರೊಳಗೆ ಬಂದು ಬಹುಮಾನ ಬೇರೆ ತಗೊಂಡ. ಅಪ್ಪನ ಶಿಸ್ತಿನ ಮುಂದೆ ಅದೆಲ್ಲಾ ಪಿಕ್ನಿಕ್ ಅನಿಸಿರಬೇಕು ಅಂತ ನನ್ನ ಊಹೆ.

ಆಮೇಲಿನದೆಲ್ಲಾ ಉಳಿಸಿಕೊಂಡ ಆ ಎರಡು ವರ್ಷದ ಬಡ್ಡಿ. 2019ರ ಡಿಸೆಂಬರ್‌ನಲ್ಲಿ ಬರ್ನ್ಲಿ ಎದುರು ತನ್ನದೇ ಬಾಕ್ಸಿನ ಹತ್ತಿರದಿಂದ ಓಡಿ ಹೊಡೆದ ಗೋಲಿಗೆ ಪುಷ್ಕಾಶ್ ಪ್ರಶಸ್ತಿ, ವರ್ಷದ ಅತಿ ಸೊಗಸಾದ ಗೋಲಿಗೆ ಫಿಫಾ ಕೊಡೋದು. 2021-22ರಲ್ಲಿ 23 ಗೋಲು, ಒಂದೂ ಪೆನಾಲ್ಟಿ ಇಲ್ಲ. ಲಿವರ್‌ಪೂಲ್‌ನ ಸಲಾಹ್ ಜೊತೆ, ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡೋ ಚಿನ್ನದ ಬೂಟು ಹಂಚಿಕೊಂಡ, ಪ್ರೀಮಿಯರ್ ಲೀಗ್‌ನಲ್ಲಿ ಅದು ಏಷ್ಯಾದವರಿಗೆ ಮೊದಲ ಸಲ. 2025ರ ಮೇನಲ್ಲಿ ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೋಲಿಸಿ ಯುರೋಪಾ ಲೀಗ್. ನಾಯಕ ಬೆಂಚಿನಿಂದೆದ್ದು ಬಂದು ಆಡಿದ, ಸೊಂಟಕ್ಕೆ ಕೊರಿಯಾ ಬಾವುಟ ಕಟ್ಟಿಕೊಂಡು ಕಪ್ ಎತ್ತಿದ. ಟಾಟೆನ್‌ಹ್ಯಾಮ್ ಪರ ಹತ್ತು ವರ್ಷ, 454 ಪಂದ್ಯ, 173 ಗೋಲು.

[ತೆರೆಯ ಮೇಲೆ: ಲಾಸ್ ಏಂಜಲೀಸ್, ಆಗಸ್ಟ್ 2025]

ಈಗ ಅಮೆರಿಕದ ಫುಟ್‌ಬಾಲ್ ಲೀಗ್, ಮೇಜರ್ ಲೀಗ್ ಸಾಕರ್. ಊರಲ್ಲಿ ಕೊರಿಯಾದವರದ್ದೇ ದೊಡ್ಡ ಪೇಟೆ, ಬೀದಿ ಗೋಡೆ ಮೇಲೆ ಇವನ ಚಿತ್ರ. ಅದೇ ಲೀಗ್‌ಗೆ 2010ರಲ್ಲಿ ಒಬ್ಬ ಭಾರತೀಯ ಫಾರ್ವರ್ಡ್ ಹೋಗಿದ್ದ, ಕ್ಯಾನ್ಸಸ್ ಸಿಟಿ ತಂಡಕ್ಕೆ. ಹೌದು, ಅದೇ ಛೆಟ್ರಿ. ಒಂದು ಲೀಗ್ ಪಂದ್ಯಕ್ಕೂ ಅವನನ್ನ ಇಳಿಸಲಿಲ್ಲ. ವಾಪಸ್ ಬಂದ, 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ. ಮಿಕ್ಕಿದ್ದು ಕಂಠೀರವದ ಗ್ಯಾಲರಿಯಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.