800 ಪಟ್ಟು ಜೂಮ್, 450 ರೂಪಾಯಿಯ ಕೇಬಲ್

ಈ ವಿಡಿಯೊದ ಚಿತ್ರ ಹೀಗೇಕಿದೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮೊಬೈಲ್ ಸರಿಯಾಗಿದೆ, ನೆಟ್‌ವರ್ಕೂ ಸರಿಯಾಗಿದೆ. ಎರಡೂ ಪಕ್ಕ ಕಪ್ಪು ಪಟ್ಟಿ ಬಿಟ್ಟುಕೊಂಡು ನಡುವೆ ಚೌಕವಾಗಿ ಕಾಣುತ್ತಿರುವುದು ನಮ್ಮ ಅಜ್ಜಿಮನೆಯ ಜಗಲಿ. ಅದನ್ನು ನೋಡುತ್ತಿರುವುದು ಇಪ್ಪತ್ತು ವರ್ಷ ಹಳೆಯ ಹ್ಯಾಂಡಿಕ್ಯಾಮ್. ಹ್ಯಾಂಡಿಕ್ಯಾಮ್ ಎಂಬುದು ಸೋನಿಯವರು ತಮ್ಮ ಕ್ಯಾಮೆರಾಗಳಿಗೆ ಇಟ್ಟ ಹೆಸರು; ನಮ್ಮ ಕಡೆ ಯಾವ ಕಂಪನಿಯದಾದರೂ ಅದು ಹ್ಯಾಂಡಿಕ್ಯಾಮೇ. ನನ್ನದು ಯಾವ ಕಂಪನಿಯದು ಎಂದು ಕೇಳಬೇಡಿ, ಹೆಸರಿದ್ದ ಜಾಗದಲ್ಲಿ ಬಣ್ಣ ಉದುರಿಹೋಗಿದೆ. 800 ಎಂಬ ಅಂಕಿ ಮಾತ್ರ ಒಂದಿಷ್ಟೂ ಮಾಸಿಲ್ಲ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿದೆಯಲ್ಲ, ಅದು ಜೇನುಹುಳುವಲ್ಲ. ಒಳಗೆ ಟೇಪು ಸುತ್ತುವ ಮೋಟಾರು. ಮೈಕು ಅದರ ಪಕ್ಕದಲ್ಲೇ ಇರುವುದರಿಂದ ಎಲ್ಲರಿಗಿಂತ ಮೊದಲು ಕೇಳಿಸುವುದು ಅದೇ. ಟೇಪನ್ನು ಓದುವ ಡ್ರಮ್ಮು ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ, ಸದ್ದು ಮಾಡದೆ ಇನ್ನೇನು ಮಾಡೀತು? ಅದಕ್ಕಾಗಿಯೇ ನನ್ನ ಮಾತನ್ನು ಆಮೇಲೆ ಬೇರೆ ಕೂಡಿಸಿದ್ದೇನೆ.

ಈ ದೃಶ್ಯ ಬೆಂಗಳೂರಿನ ಎಸ್‌.ಪಿ. ರಸ್ತೆಯದು, ಮೊಬೈಲಿನಲ್ಲಿ ತೆಗೆದದ್ದು. ನಿಜ ಹೇಳಬೇಕೆಂದರೆ ಕ್ಯಾಮೆರಾ ಕೊಳ್ಳಲು ಹೋದದ್ದು ಶೋಕಿಗೆ. ಈಗ ಎಲ್ಲರೂ ಹಳೆಯ ಕ್ಯಾಮೆರಾದ ಆ ಹಳದಿ ಬಿಸಿಲು, ಆ ಮಬ್ಬು, ಮೂಲೆಯಲ್ಲಿನ ತಾರೀಕು ಎಂದು ಹುಚ್ಚರಾಗಿದ್ದಾರೆ, ನಾನೂ ಆದೆ. ಮನೆಯಲ್ಲಿ ಮಾತ್ರ ದೊಡ್ಡಪ್ಪನ ಹಳೆಯ ಟೇಪುಗಳನ್ನು ನೋಡಬೇಕಲ್ಲ ಎಂದು ನೆಪ ಹೇಳಿದ್ದೆ. ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಟೇಪುಗಳಿದ್ದವು. ದೊಡ್ಡಪ್ಪನ ಸ್ವಂತ ಕ್ಯಾಮೆರಾ ಮಲೆನಾಡಿನ ಮಳೆಗಾಲಗಳನ್ನು ತಾಳಲಾರದೆ ಎಂದೋ ಪ್ರಾಣ ಬಿಟ್ಟಿತ್ತು.

ಅಂಗಡಿಯವರು ಆರು ಸಾವಿರ ಎಂದರು, ನಾನು ಮೂರು ಎಂದೆ, ನಾಲ್ಕು ಸಾವಿರದ ಇನ್ನೂರಕ್ಕೆ ಮುಗಿಯಿತು. ನೀವು ಕೊಳ್ಳುವುದಾದರೆ ಖಾಲಿ ಕೈಯಲ್ಲಿ ಹೋಗಬೇಡಿ, ಒಂದು ಟೇಪು ಒಯ್ಯಿರಿ. ಪರದೆ ಹೊತ್ತಿಕೊಂಡಿತು, ಲೆನ್ಸ್ ಚಲಿಸಿತು ಎಂದ ಮಾತ್ರಕ್ಕೆ ಕ್ಯಾಮೆರಾ ಸರಿಯಿದೆ ಎಂದಲ್ಲ. ಟೇಪು ಹಾಕಿ, ಒಂದು ನಿಮಿಷ ಮುದ್ರಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಿ ನೋಡಿ. ಚಿತ್ರದಲ್ಲಿ ಚೌಕಚೌಕದ ಕಲೆಗಳು ಎದ್ದರೆ ಡ್ರಮ್ಮಿನ ಮೇಲೆ ಕೂತು ಟೇಪನ್ನು ಓದುವ ಹೆಡ್ಡು ಕೊಳಕಾಗಿದೆ ಅಥವಾ ಸವೆದಿದೆ. ಕೊಳೆಯಾದರೆ ಶುಚಿ ಮಾಡುವ ಟೇಪು ಇದೆ, ಸವೆತಕ್ಕೆ ಮದ್ದಿಲ್ಲ.

ಬ್ಯಾಟರಿ? ಹನ್ನೊಂದು ನಿಮಿಷ. ಹೊಸದಕ್ಕೆ ಮತ್ತೆ ಒಂಬೈನೂರು. ಮುಂದಕ್ಕೆ ಹೋಗೋಣ.

ಇದು ಟೇಪು, ನೋಡಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮಿನಿ ಡಿವಿ ಎನ್ನುತ್ತಾರೆ, 1995ರಲ್ಲಿ ಮಾರುಕಟ್ಟೆಗೆ ಬಂದದ್ದು. ನಮ್ಮ ಹಳೆಯ ವಿಸಿಆರ್ ಕ್ಯಾಸೆಟ್ಟಿನ ಟೇಪು ಅರ್ಧ ಇಂಚು ಅಗಲ, ಇದು 6.35 ಮಿಲಿಮೀಟರ್, ಕಾಲು ಇಂಚು. ಆದರೆ ಇದರಲ್ಲಿ ಚಿತ್ರ ಇರುವುದು ಅಂಕಿಗಳಾಗಿ, ಅಂದರೆ ಡಿಜಿಟಲ್. ಸೆಕೆಂಡಿಗೆ 25 ಚಿತ್ರ, ಒಂದೊಂದೂ 720 ಬಿಂದು ಅಗಲ, 576 ಬಿಂದು ಎತ್ತರ. ಒಂದು ಟೇಪಿಗೆ 60 ನಿಮಿಷ. ನಿಧಾನ ವೇಗಕ್ಕೆ ಇಟ್ಟರೆ 90 ನಿಮಿಷವಾಗುತ್ತದೆ, ಆದರೆ ಹಾಗೆ ತುಂಬಿದ ಟೇಪನ್ನು ಬೇರೆ ಕ್ಯಾಮೆರಾ ಓದಲು ತಕರಾರು ಮಾಡುವುದುಂಟು. ನಮ್ಮ ದೊಡ್ಡಪ್ಪನ ಜಿಪುಣತನ ಊರಿಗೇ ಗೊತ್ತಿರುವುದರಿಂದ ನನಗೆ ಅದೇ ಭಯವಿತ್ತು. ಪುಣ್ಯಕ್ಕೆ ಆ ಗುಂಡಿ ಇರುವುದೇ ಅವರಿಗೆ ತಿಳಿದಿರಲಿಲ್ಲ.

ಈಗ 800. ಅಂಗಳದ ತುದಿಯ ಹಲಸಿನ ಮರದಲ್ಲಿ ಮಂಗಟ್ಟೆ ಹಕ್ಕಿ ಕೂತಿದೆ. ಲೆನ್ಸು ತಾನಾಗಿ ಹತ್ತಿರ ತರುವುದು 20 ಪಟ್ಟು. ಇಲ್ಲಿಯವರೆಗೆ ನೋಡಿ, ಕೊಕ್ಕು ಕಾಣುತ್ತಿದೆ, ಕಣ್ಣು ಕಾಣುತ್ತಿದೆ, ಚೆನ್ನಾಗಿದೆ. ಇನ್ನು ಮುಂದೆ ಕ್ಯಾಮೆರಾ ಇದ್ದ ಬಿಂದುಗಳನ್ನೇ ಎಳೆದು ಹಿಗ್ಗಿಸುತ್ತದೆ. ನೂರು ಪಟ್ಟು, ಕಂಬಳಿ. ಮುನ್ನೂರು, ರಂಗೋಲಿ. ಎಂಟುನೂರು... ಇದು ಹಕ್ಕಿಯೋ ದೇವಸ್ಥಾನದ ನೆಲಹಾಸೋ ನೀವೇ ಹೇಳಿ. ಆ ಅಂಕಿ ನಂಬಿ ಆ ಕಾಲದಲ್ಲಿ ಎಷ್ಟು ಜನ ಹಣ ಸುರಿದರೋ. ಹಕ್ಕಿಯೂ ಬೇಸತ್ತು ಹಾರಿಹೋಯಿತು.

ಹಲಸು ಎಂದೆನಲ್ಲ, ಈ ಬಾರಿ ನಾನು ಬಂದದ್ದೇ ಹಪ್ಪಳದ ಸಮಯಕ್ಕೆ. ತೊಳೆ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಂಡೆ ಕಟ್ಟುವವರೆಗೆ ಎಲ್ಲ ಕಾಣುತ್ತಿದೆ, ನಾನು ಹೇಳಬೇಕಿಲ್ಲ. ಅಜ್ಜಿ ಮೊಬೈಲ್ ಎತ್ತಿದರೆ ಸಾಕು, ಸೆರಗು ಸರಿಮಾಡಿಕೊಂಡು ಪಾಸ್‌ಪೋರ್ಟ್ ಫೋಟೊಕ್ಕೆ ಕೂತ ಹಾಗೆ ಕೂರುತ್ತಾರೆ. ಇದನ್ನು ಸ್ಟೂಲಿನ ಮೇಲಿಟ್ಟಾಗ ಮಾತ್ರ ತಿರುಗಿಯೂ ನೋಡಲಿಲ್ಲ. "ಏ ಕೂಸೇ, ಅದು ಸತ್ತುಹೋದ ಕ್ಯಾಮೆರಾ ಅಲ್ಲವೇನೇ?" ಎಂದರು. ದೊಡ್ಡಪ್ಪನದ್ದೇ ಎಂದು ಭಾವಿಸಿದ್ದರು. ನಾನು ಅಲ್ಲವೆನ್ನಲಿಲ್ಲ. ಹಾಗಾಗಿ ಮುಂದಿನ ಇಪ್ಪತ್ತು ನಿಮಿಷ ಪಕ್ಕದ ಮನೆಯ ಹಪ್ಪಳಕ್ಕೆ ಉಪ್ಪು ಹೇಗೆ ಜಾಸ್ತಿ, ಅದಕ್ಕೆ ಕಾರಣ ಯಾರು, ಎಲ್ಲವೂ ದಾಖಲಾಗಿದೆ. ಅದನ್ನು ಇಲ್ಲಿ ಹಾಕುವುದಿಲ್ಲ, ನನಗೂ ಊರಿಗೆ ಮರಳಿ ಬರಬೇಕಿದೆ. ಸರಿ, ಶಾಟ್ ಮುಗಿಯಿತು, ಕೇಬಲ್ಲಿಗೆ ಬರುತ್ತೇನೆ.

ಕೇಬಲ್. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ಸಿಟ್ಟು ಇನ್ನೂ ಆರಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ಒಂದು ಪುಟ್ಟ ತೂತು ಇದೆ, ಡಿವಿ ಎಂದು ಬರೆದಿದೆ. ಆಪಲ್‌ನವರು ಅದನ್ನು ಫೈರ್‌ವೈರ್ ಎಂದರು, ಸೋನಿಯವರು ಐ-ಲಿಂಕ್ ಎಂದರು, ಎಂಜಿನಿಯರುಗಳು 1394 ಎಂದರು. ಹೆಸರು ಮೂರು, ತೂತು ಒಂದೇ. ಟೇಪಿನಲ್ಲಿರುವ ಅಂಕಿಗಳು ಇದ್ದ ಹಾಗೇ ಹೊರಬರುವುದು ಅಲ್ಲಿಂದ ಮಾತ್ರ. ಪಕ್ಕದಲ್ಲಿ ಯುಎಸ್‌ಬಿ ತೂತೂ ಇದೆ, ಆದರೆ ನನ್ನ ಕ್ಯಾಮೆರಾದಲ್ಲಿ ಅದು ಮೆಮೊರಿ ಕಾರ್ಡಿನಲ್ಲಿರುವ ಸ್ಥಿರಚಿತ್ರಗಳಿಗಷ್ಟೇ. ನನ್ನ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಇಲ್ಲ. ಹುಡುಕಿದೆ. ಆನ್‌ಲೈನ್ ಅಂಗಡಿಯೊಂದರಲ್ಲಿ ಒಂದು ತುದಿಗೆ ಫೈರ್‌ವೈರ್, ಇನ್ನೊಂದು ತುದಿಗೆ ಯುಎಸ್‌ಬಿ ಇರುವ ಕೇಬಲ್ ಕಾಣಿಸಿತು. 450 ರೂಪಾಯಿ. ಎಷ್ಟು ಸುಲಭ ಎಂದುಕೊಂಡು ತರಿಸಿದೆ.

ಕೇಬಲ್ ಬಂತು. ಎರಡೂ ತುದಿ ಎರಡೂ ಕಡೆ ಸರಿಯಾಗಿ ಕೂತವು. ಅಷ್ಟೇ. ಲ್ಯಾಪ್‌ಟಾಪ್ ಏನೂ ಆಗದವರಂತೆ ಕೂತಿತ್ತು. ಒಂದು ಸಂಜೆಯಿಡೀ ಡ್ರೈವರ್ ಹುಡುಕಿದೆ, ಮೂರು ತಂತ್ರಾಂಶ ಇಳಿಸಿಕೊಂಡೆ, ಕ್ಯಾಮೆರಾವನ್ನು ಆರಿಸಿ ಹಚ್ಚಿ ಆರಿಸಿ ಹಚ್ಚಿ ಆ ಹನ್ನೊಂದು ನಿಮಿಷದ ಬ್ಯಾಟರಿಯ ಹೆಣ ತೆಗೆದೆ. ತಪ್ಪು ನನ್ನದೇ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆ ಕೇಬಲ್ ಯಾರ ಮನೆಯಲ್ಲೂ, ಯಾವ ಕಾಲದಲ್ಲೂ ಕೆಲಸ ಮಾಡಲು ಸಾಧ್ಯವೇ ಇಲ್ಲ. ಯುಎಸ್‌ಬಿಯಲ್ಲಿ ಒಂದು ಕಡೆ ಯಜಮಾನ, ಇನ್ನೊಂದು ಕಡೆ ಆಳು. ಯಜಮಾನ ಕೇಳಿದರೆ ಮಾತ್ರ ಆಳು ಮಾತಾಡುತ್ತಾನೆ. ಫೈರ್‌ವೈರ್‌ನಲ್ಲಿ ಇಬ್ಬರೂ ಸಮಾನರು, ಯಾರು ಬೇಕಾದರೂ ಮಾತು ಶುರು ಮಾಡಬಹುದು. ರೀತಿ ಬೇರೆ, ಭಾಷೆಯೇ ಬೇರೆ. ನಡುವೆ ಅನುವಾದ ಮಾಡುವ ಚಿಪ್ಪಿಲ್ಲದೆ ಬರೀ ತಂತಿ ಹೆಣೆದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಆ ಮಾರಾಟಗಾರರಿಗೆ ಇದು ತಿಳಿಯದೆ ಇದ್ದೀತೇ? ವಾಪಸು ಕೇಳಿದರೆ, "ವಸ್ತುವಿನಲ್ಲಿ ದೋಷ ಕಂಡುಬಂದಿಲ್ಲ" ಎಂಬ ಉತ್ತರ. ನಿಜವೇ, ದೋಷವಿಲ್ಲ, ತಂತಿ ತಂತಿಯಾಗಿಯೇ ಇದೆ! ಈಗ ಅದರಿಂದ ಅಜ್ಜಿ ತೊಂಡೆ ಚಪ್ಪರಕ್ಕೆ ಗೂಟ ಕಟ್ಟಿದ್ದಾರೆ. ಇಗೋ, ಆ ಕಪ್ಪು ದಾರ, ಅದೇ.

ಕೊನೆಗೆ ಕೈ ಹಿಡಿದವರು ಸಾಗರದ ಒಂದು ಫೋಟೊ ಸ್ಟುಡಿಯೊದವರು. ಹಿಂದೆ ಮದುವೆ ವಿಡಿಯೊ ಮಾಡುತ್ತಿದ್ದವರು. ಒಳಕೋಣೆಯಲ್ಲಿ ಬಟ್ಟೆ ಹೊದಿಸಿಟ್ಟ ಹಳೆಯ ಕಂಪ್ಯೂಟರ್, ಅದರಲ್ಲಿ ಫೈರ್‌ವೈರ್ ಕಾರ್ಡ್, ಅದಕ್ಕೆ ಸರಿಯಾದ ಕೇಬಲ್. ಇಂಟರ್ನೆಟ್ ಸಂಪರ್ಕವನ್ನೇ ಕೊಟ್ಟಿಲ್ಲ, "ಅದಕ್ಕೇ ಇನ್ನೂ ಬದುಕಿದೆ" ಎಂದರು. ಟೇಪಿಗೆ 250 ರೂಪಾಯಿ. ಒಂದು ಗಂಟೆಯ ಟೇಪು ಒಳಗೆ ಹೋಗಲು ಒಂದು ಗಂಟೆಯೇ ಬೇಕು, ಅವಸರ ನಡೆಯುವುದಿಲ್ಲ. ಹೋದ ಮೇಲೆ ಸುಮಾರು 13 ಜಿಬಿ. ಕಾಯುವಾಗ ಅವರು ಹೇಳಿದ್ದು: ಬೆಳಗಿನಿಂದ ಎಷ್ಟೇ ಲೆಕ್ಕ ಹಾಕಿ ಟೇಪು ಬದಲಿಸಿದರೂ ಧಾರೆ ಎರೆಯುವ ಹೊತ್ತಿಗೇ ಟೇಪು ಮುಗಿಯುತ್ತಿತ್ತಂತೆ. ಇನ್ನೊಂದು, ಒಂದು ಕಂಪನಿಯ ಟೇಪು ಹಾಕಿದ ಕ್ಯಾಮೆರಾಗೆ ಇನ್ನೊಂದು ಕಂಪನಿಯದು ಹಾಕಬಾರದು, ಮೇಲಿನ ಲೇಪಗಳು ಒಂದಕ್ಕೊಂದು ಹೊಂದದೆ ಹೆಡ್ಡು ಕಟ್ಟಿಕೊಳ್ಳುತ್ತದೆ ಎಂದು ಅವರ ದೃಢ ನಂಬಿಕೆ. ಅಡಿಕೆ ಸುಲಿಯುವಷ್ಟು ನಾಜೂಕಾಗಿ ಅವರು ಟೇಪಿನ ಮುಚ್ಚಳ ಎತ್ತಿ ನೋಡಿ, ಎರಡನ್ನು ಬದಿಗಿಟ್ಟರು. ಅಂಚಿನಲ್ಲಿ ಬಿಳಿ ಬೂಷ್ಟು. ಅದನ್ನು ಓಡಿಸಿದರೆ ಹೆಡ್ಡು ಕೆಡುತ್ತದೆ, ಹೆಡ್ಡಿನಿಂದ ಉಳಿದ ಟೇಪುಗಳಿಗೂ ಹತ್ತುತ್ತದೆ. ಹನ್ನೊಂದರಲ್ಲಿ ಒಂಬತ್ತು ಉಳಿದವು.

ಈಗ ದೊಡ್ಡಪ್ಪನ ಕೈಚಳಕ ನೋಡಿ. ನಮ್ಮ ಅಣ್ಣನ ಉಪನಯನ. ಜೂಮ್ ಒಳಗೆ. ಜೂಮ್ ಹೊರಗೆ. ಪುರೋಹಿತರ ಮೂಗು. ಮತ್ತೆ ಹೊರಗೆ. ಬಾಳೆಎಲೆ. ಹೊಸ ಪಂಪ್‌ಸೆಟ್ ಸಿಕ್ಕವರ ಹಾಗೆ ಒಂದು ನಿಮಿಷ ಬಿಡದೆ ಆ ಗುಂಡಿ ಒತ್ತಿದ್ದಾರೆ. ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತಿದೆಯಲ್ಲ, ಅದು ಮಾತ್ರ ಅವರ ತಪ್ಪಲ್ಲ. ಒಂದೊಂದು ಚಿತ್ರವನ್ನೂ ಎರಡು ಅರ್ಧಗಳಾಗಿ ಮುದ್ರಿಸುವ ಹಳೆಯ ಟಿವಿ ಪದ್ಧತಿ, ಕಂಪ್ಯೂಟರಿನಲ್ಲಿ ಹೀಗೆ ಕಾಣುತ್ತದೆ.

ತಾರೀಕು ಇನ್ನೂ ತಮಾಷೆ. ಟೇಪಿನಲ್ಲಿ ಚಿತ್ರದ ಜೊತೆಗೆ ದಿನಾಂಕವೂ ಗುಪ್ತವಾಗಿ ದಾಖಲಾಗುತ್ತದೆ, ಬೇಕೆಂದಾಗ ತೋರಿಸಬಹುದು. ಆದರೆ ಗಡಿಯಾರದ ಬ್ಯಾಟರಿ ಸತ್ತರೆ ಕ್ಯಾಮೆರಾ ಕಾರ್ಖಾನೆಯ ದಿನಕ್ಕೇ ಮರಳುತ್ತದೆ. ಆ ಲೆಕ್ಕದಲ್ಲಿ ನಮ್ಮ ಮನೆಯ ಒಂದು ಉಪನಯನ, ಎರಡು ಮದುವೆ, ಒಂದು ಸತ್ಯನಾರಾಯಣ ಕಥೆ ಎಲ್ಲವೂ ಜನವರಿ 1ರಂದೇ ನಡೆದಿವೆ. ಯಾವ ವರ್ಷ ಎಂದು ಮನೆಯಲ್ಲಿ ಜಗಳ ಹತ್ತಿತು. ಗೋಡೆಯ ಕ್ಯಾಲೆಂಡರ್ ಕಾಣುತ್ತದೆ, ಅಂಕಿ ಕಾಣುವುದಿಲ್ಲ. 576 ಗೆರೆಗಳಲ್ಲಿ ಅಷ್ಟೇ ಸಾಧ್ಯ. ಕೊನೆಗೆ ಅಜ್ಜಿ ಕೊಟ್ಟಿಗೆಯ ದೃಶ್ಯವನ್ನು ಎರಡು ಬಾರಿ ನೋಡಿ, "ಗೌರಿ ಇನ್ನೂ ಕರು, ಹಾಗಾದರೆ ತೋಟಕ್ಕೆ ಬೇಲಿ ಹಾಕಿಸಿದ ವರ್ಷ" ಎಂದು ತೀರ್ಪು ಕೊಟ್ಟರು. ಬೇಲಿಯ ಖರ್ಚಿನ ಚೀಟಿ ದೊಡ್ಡಪ್ಪನ ಬಳಿ ಇತ್ತು. ಜಿಪುಣರಿಂದ ಹೀಗೂ ಉಪಕಾರವಿದೆ. 2005.

ಆದ್ದರಿಂದ ಹಿಂದಿನ ತಿಂಗಳು ನಾನು ಕೊಟ್ಟ ಅಭಿಪ್ರಾಯವನ್ನು ಹಿಂದೆಗೆದುಕೊಳ್ಳುತ್ತೇನೆ. ಹಳೆಯ ಕ್ಯಾಮೆರಾ ಕೊಳ್ಳಿ, ಚಿತ್ರದಲ್ಲಿ ಜೀವವಿದೆ ಎಂದೆಲ್ಲ ಹೇಳಿದ್ದೆ. ಚಿತ್ರ ತೆಗೆಯುವುದಕ್ಕೆ ಇದನ್ನು ಕೊಳ್ಳಬೇಡಿ. ನಸುಗತ್ತಲೆಯ ಅಡುಗೆಮನೆಯಲ್ಲಿ ನಿಮ್ಮ ಹತ್ತು ಸಾವಿರದ ಮೊಬೈಲ್ ಇದಕ್ಕಿಂತ ಚೆನ್ನಾಗಿ ನೋಡುತ್ತದೆ. ಟೇಪು ಹಾಕುವ ಬಾಗಿಲು ಕೆಳಗಿದೆ, ಪ್ರತಿ ಸಲ ಟ್ರೈಪಾಡ್ ಬಿಚ್ಚಬೇಕು, ಇದನ್ನು ಯೋಚಿಸಿದವರು ಯಾರೋ! ಮನೆಯಲ್ಲಿ ಹಳೆಯ ಟೇಪುಗಳಿದ್ದರೆ ಮಾತ್ರ ಕೊಳ್ಳಿ, ಓದುವ ಯಂತ್ರವಾಗಿ. ಹಾಗಿದ್ದರೆ ಲೆನ್ಸಿಗೆ ಗೀರು ಬಿದ್ದಿರಲಿ, ಜೂಮ್ ಕೆಟ್ಟಿರಲಿ, ಪರವಾಗಿಲ್ಲ. ಟೇಪು ಓಡಬೇಕು, ಡಿವಿ ತೂತು ಕೆಲಸ ಮಾಡಬೇಕು. ಮತ್ತು ಬೇಗ ಕೊಳ್ಳಿ, ಬೂಷ್ಟು ಕಾಯುವುದಿಲ್ಲ.

ಇಷ್ಟು ಹೇಳಿ ಮುಗಿಸುವವಳಿದ್ದೆ. ಆದರೆ ಈ ಕೊನೆಯ ತುಣುಕು. ಮಧ್ಯಾಹ್ನ ಮೂರೂವರೆ, ಅಂಗಳದ ತುಂಬ ಚಾಪೆ, ಚಾಪೆ ತುಂಬ ಹಪ್ಪಳ. ಗುಡುಗಿತು. ಎಲ್ಲರೂ ಓಡಿದೆವು, ಸ್ಟೂಲಿನ ಮೇಲಿದ್ದ ಕ್ಯಾಮೆರಾದ ನೆನಪು ಯಾರಿಗೂ ಬರಲಿಲ್ಲ. ಚಿತ್ರದಲ್ಲಿ ಖಾಲಿ ಜಗಲಿ, ಕಂಬ, ಮಗುಚಿದ ಒಂದು ಚಪ್ಪಲಿ, ಅಷ್ಟೇ. ಕೇಳಿ. ಇದು ಹೆಂಚಿನ ಮೇಲೆ ಬಿದ್ದ ಮೊದಲ ಹನಿ. ಇದು ಅಜ್ಜಿ: "ಆ ಕಡೆಯ ಚಾಪೆ ಮೊದಲು! ಮೊದಲು ಆ ಕಡೆಯದು!" ಇದು ದೊಡ್ಡಪ್ಪ, ಯಾವ ಕಡೆ ಎಂದು ಕೇಳುತ್ತಿರುವುದು. ಮೋಟಾರಿನ ಸದ್ದು ಈಗ ಎಲ್ಲೂ ಕೇಳಿಸುತ್ತಿಲ್ಲ, ಮಳೆ ಅದನ್ನು ನುಂಗಿದೆ.

ಮೂರು ಚಾಪೆ ನೆನೆದವು. ಅಜ್ಜಿ ನನ್ನನ್ನೇ ಬೈದರು. ಬೈಗುಳದ ಅರ್ಧದಲ್ಲಿ ಟೇಪು ಮುಗಿ