ಮೂರು ಕ್ವೆರಿ, ಒಂದೇ ಕೆಲಸ

ಕೇಳುಗರಿಗೆ ನಮಸ್ಕಾರ. ಊರಿನ ಅಂಗಡಿಗೋ ಸಂಘಕ್ಕೋ ಪಿಎಚ್‌ಪಿಯಲ್ಲಿ ಸಾಫ್ಟ್‌ವೇರ್ ಬರೆದುಕೊಡುವ ಹುಡುಗ ಹುಡುಗಿಯರೇ, ಇವತ್ತು ನಿಮಗೆ ಒಂದೇ ಮಾತು ಹೇಳಬೇಕು. ಕ್ವೆರಿ ಅಂದರೆ ಡೇಟಾಬೇಸ್‌ಗೆ ನಾವು ಕೊಡುವ ಆದೇಶ. ಮೂರು ಕ್ವೆರಿ ಸೇರಿ ಒಂದು ಕೆಲಸ ಅಂತಾದರೆ ಮೂರೂ ಆಗಬೇಕು, ಇಲ್ಲವೇ ಒಂದೂ ಆಗಕೂಡದು.

ಕೆಲವು ವರ್ಷಗಳ ಹಿಂದೆ ಒಂದು ಹಾಲಿನ ಡೈರಿಯವರು ನನ್ನನ್ನು ಕರೆಸಿದ್ದರು. ಕಾರ್ಯದರ್ಶಿಯ ಮೇಜಿನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು, ಕೈಯಲ್ಲಿ ಬಟವಾಡೆ ಚೀಟಿ. “ಫೀಡ್ಸ್ ಮೂಟೆ ದುಡ್ಡು ಮುರ್ಕೊಂಡವ್ರೆ. ಮೂಟೆ ಕೇಳುದ್ರೆ ನಿನ್ನ ಹೆಸರೇ ಇಲ್ಲ ಅಂತಾರೆ ಸ್ವಾಮಿ” ಅಂದರು. ನೋಡಿದೆ, ಅಜ್ಜಿ ಹೇಳಿದ್ದು ನಿಜ. ಖಾತೆಯಿಂದ ದುಡ್ಡು ಹೋಗಿದೆ, ಮೂಟೆ ಕೊಡುವ ಪಟ್ಟಿಯಲ್ಲಿ ಹೆಸರಿಲ್ಲ, ದಾಸ್ತಾನೂ ಇಳಿದಿಲ್ಲ.

ಬರೆದವರು ಮೂರು ಕ್ವೆರಿಗಳ ನಡುವೆ ಸೆಮಿಕೋಲನ್ ಹಾಕಿ, ಮಲ್ಟಿ ಕ್ವೆರಿ ಎಂಬ ಫಂಕ್ಷನ್‌ಗೆ ಒಟ್ಟಿಗೆ ಕೊಟ್ಟಿದ್ದರು. ಅದು ‘ಸರಿ’ ಅಂದರೆ ಮೊದಲನೆಯದು ಸರಿ ಅಂತಷ್ಟೇ! ಮಿಕ್ಕವು ಏನಾದವು ಅಂತ ಒಂದೊಂದಾಗಿ ಮುಂದೆ ಹೋಗಿ ನಾವೇ ಕೇಳಬೇಕು. ಇಲ್ಲಿ ಯಾರೂ ಕೇಳಿರಲಿಲ್ಲ. ಎರಡನೆಯದು ಕೆಟ್ಟಿತ್ತು, ಅಲ್ಲಿಗೇ ಮೂರನೆಯದೂ ನಿಂತಿತ್ತು.

ಎರಡನೆಯದು ಕೆಟ್ಟಿದ್ದು ಯಾಕೆ ಗೊತ್ತೇ? ಹೆಸರಿನ ಕಾಲಂಗೆ ಇಪ್ಪತ್ತೇ ಅಕ್ಷರ ಕೊಟ್ಟಿದ್ದರು. ಲಕ್ಷ್ಮಮ್ಮ ಅಂದರೆ ನಮಗೆ ಮೂರಕ್ಷರ. ಅವರು ಬಳಸಿದ್ದ ಡೇಟಾಬೇಸ್ ಮೈಎಸ್‌ಕ್ಯೂಎಲ್ ಒತ್ತು, ಗುಣಿತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ, ಅದಕ್ಕೆ ಒಂಬತ್ತು. ಅಜ್ಜಿಯ ಹೆಸರಿನ ಜೊತೆ ಊರೂ, ಗಂಡನ ಹೆಸರೂ ಇತ್ತು. ಕಾಲಂನಲ್ಲಿ ಹಿಡಿಸಲಿಲ್ಲ. ನಮ್ಮ ಭಾಷೆಯಲ್ಲಿ ಒಂದು ಹೆಸರು ಹಾಕಿ ಪರೀಕ್ಷೆ ಮಾಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು, ನನಗೆ ಇವತ್ತಿಗೂ ಬೇಸರ ಇದು.

ಹಾಗಾದರೆ ಮಾಡಬೇಕಾದ್ದೇನು? ಟ್ರಾನ್ಸಾಕ್ಷನ್, ಅಂದರೆ ಕ್ವೆರಿಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟುವುದು. ಮೊದಲು ‘ಬಿಗಿನ್’ ಅನ್ನಿ. ಕ್ವೆರಿಗಳನ್ನು ಒಂದೊಂದಾಗಿ ಕಳಿಸಿ, ಪ್ರತಿಯೊಂದರ ಉತ್ತರ ನೋಡಿ. ಮೂರೂ ಸರಿಯಿದ್ದರೆ ‘ಕಮಿಟ್’, ಎಲ್ಲವೂ ಖಾಯಂ. ಒಂದು ಕೆಟ್ಟರೂ ‘ರೋಲ್‌ಬ್ಯಾಕ್’, ಎಲ್ಲವೂ ಹಿಂದಕ್ಕೆ, ಅಜ್ಜಿಯ ದುಡ್ಡು ಖಾತೆಯಲ್ಲೇ ಉಳಿಯುತ್ತದೆ. ಮತ್ತೆ ಹೇಳುತ್ತೇನೆ, ಮೂರೂ ಆಗಬೇಕು, ಇಲ್ಲವೇ ಒಂದೂ ಆಗಕೂಡದು.

ಸಮಯ ಮುಗಿಯುತ್ತಾ ಬಂತು, ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಬಳಕೆದಾರರು ಟೈಪ್ ಮಾಡಿದ್ದನ್ನು ಕ್ವೆರಿಯೊಳಗೆ ನೇರ ಅಂಟಿಸಬೇಡಿ, ಕ್ವೆರಿಯನ್ನೂ ಅವರ ಮಾಹಿತಿಯನ್ನೂ ಬೇರೆಬೇರೆ ಇಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಮಲ್ಟಿ ಕ್ವೆರಿ ಬಾಗಿಲು ತೆರೆದಿದ್ದರೆ ಕಿಡಿಗೇಡಿ ಒಂದು ಸೆಮಿಕೋಲನ್ ಹಾಕಿ ಟೇಬಲ್ಲನ್ನೇ ಅಳಿಸಬಲ್ಲ. ಇನ್ನೊಂದು, 2010ರ 5.5 ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ಹೊಸ ಟೇಬಲ್‌ಗಳನ್ನು ತಾನಾಗಿಯೇ ಟ್ರಾನ್ಸಾಕ್ಷನ್ ಬಲ್ಲ ಇನ್ನೋಡಿಬಿ ಎಂಬ ಸ್ಟೋರೇಜ್ ಎಂಜಿನ್‌ನಲ್ಲಿ ಮಾಡುತ್ತದೆ. ಹಳೆಯವು ಟ್ರಾನ್ಸಾಕ್ಷನ್ ಗೊತ್ತಿಲ್ಲದ ಮೈಐಸ್ಯಾಮ್ ಎಂಜಿನ್‌ನಲ್ಲೇ ಉಳಿದಿದ್ದರೆ ರೋಲ್‌ಬ್ಯಾಕ್ ಅಂದರೂ ಏನೂ ಹಿಂದಕ್ಕೆ ಬರುವುದಿಲ್ಲ. ನಿಮ್ಮ ಟೇಬಲ್ ಯಾವುದರಲ್ಲಿದೆ, ಇವತ್ತು ರಾತ್ರಿಯೇ ನೋಡಿಬಿಡಿ. ನಮಸ್ಕಾರ.