ನಂಬರ್ ನಿಲ್ಲಿಸುವ ಮೊದಲು

ಕೇಳುಗರೇ, ನಮಸ್ಕಾರ.

ನನ್ನ ಸೋದರಮಾವ ತೀರಿಕೊಂಡು ಮೂರು ವಾರ ಆಗಿತ್ತು. ಸುಮ್ನೆ ಬಿಲ್ ಯಾಕೆ ಕಟ್ಟೋದು ಅಂತ ಅವರ ಫೋನ್ ನಂಬರ್ ನಿಲ್ಲಿಸಿಬಿಟ್ಟೆವು. ಆಮೇಲೆ ಫೋಟೋಗಳು ಬೇಕೆಂದು ಅವರ ಇಮೇಲ್ ತೆರೆಯಲು ಕೂತೆವು. ಪಾಸ್‌ವರ್ಡ್ ಅವರ ಡೈರಿಯ ಕೊನೇ ಪುಟದಲ್ಲೇ ಇತ್ತು. ಆದರೆ ಒಟಿಪಿ ಹೋಗುತ್ತಿದ್ದದ್ದು ನಾವು ನಿಲ್ಲಿಸಿದ ನಂಬರಿಗೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಕೇಳಿದರು: "ಹೆಂಡತಿ ನಾನು. ನಂಗೂ ಕೊಡಲ್ವಾ?"

ಈ ಪ್ರಶ್ನೆಯನ್ನು ಕೋರ್ಟುಗಳೂ ಕೇಳಿಕೊಂಡಿವೆ. ಜರ್ಮನಿಯಲ್ಲಿ 15 ವರ್ಷದ ಮಗಳನ್ನು ಕಳೆದುಕೊಂಡ ತಂದೆತಾಯಿ ಅವಳ ಫೇಸ್‌ಬುಕ್ ಖಾತೆಗಾಗಿ ವರ್ಷಗಟ್ಟಲೆ ಹೋರಾಡಿದರು. ಪತ್ರ, ಡೈರಿಗಳು ವಾರಸುದಾರರಿಗೆ ಸೇರುವ ಹಾಗೆ ಖಾತೆಯೂ ಸೇರುತ್ತದೆ ಎಂದು 2018ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಹೇಳಿತು.

ಅಮೆರಿಕದ ದಾರಿ ಬೇರೆ. ಅಲ್ಲಿ 2015ರಲ್ಲಿ ಒಂದು ಮಾದರಿ ಕಾನೂನು ಸಿದ್ಧವಾಯಿತು. ಹೆಚ್ಚಿನ ರಾಜ್ಯಗಳು ಅದನ್ನು ಒಪ್ಪಿಕೊಂಡಿವೆ. ಅದರ ಪ್ರಕಾರ, ನಿಮ್ಮ ನಂತರ ಯಾರಿಗೆ ಎಂದು ಖಾತೆಯ ಸೆಟ್ಟಿಂಗ್‌ನಲ್ಲಿ ನೀವೇ ಹೇಳಿದ್ದರೆ ಅದೇ ಮೊದಲು. ಆಮೇಲೆ ಉಯಿಲು. ಎರಡೂ ಇಲ್ಲದಿದ್ದರೆ ಕಂಪನಿಯ ನಿಯಮ. ಉಯಿಲಿನಲ್ಲಿ ಮಗಳ ಹೆಸರಿದ್ದು, ಸೆಟ್ಟಿಂಗ್‌ನಲ್ಲಿ ಹಳೇ ಗೆಳೆಯನ ಹೆಸರಿದ್ದರೆ? ಗೆಳೆಯನಿಗೇ!

ಸತ್ತವರು ಒಪ್ಪಿಗೆ ಬರೆದಿಡದಿದ್ದರೆ, ಆಸ್ತಿ ನೋಡಿಕೊಳ್ಳುವವರಿಗೆ ಮೇಲ್ ಯಾರಿಂದ ಬಂತು, ಯಾವತ್ತು ಬಂತು ಎನ್ನುವ ಪಟ್ಟಿ ಸಿಗಬಹುದು. ಒಳಗಿನ ಮಾತು ಸಿಗುವುದಿಲ್ಲ. ಲಕೋಟೆ ನೋಡಬಹುದು, ಒಡೆಯುವ ಹಾಗಿಲ್ಲ. ಇದು ಕಠಿಣ ಅನ್ನಿಸುತ್ತೆ. ಆದರೆ ಆ ಮೇಲ್ ಬರೆದ ಇನ್ನೊಬ್ಬರು ಬದುಕಿದ್ದಾರೆ, ಅಲ್ವಾ? ಅವರ ಗುಟ್ಟೂ ಅದರಲ್ಲಿದೆ. ನನಗಂತೂ ಇದು ನ್ಯಾಯವೇ ಅನ್ನಿಸುತ್ತದೆ.

ಹಾಗಾಗಿ ಆ ಸೆಟ್ಟಿಂಗ್ ಇವತ್ತೇ ಮಾಡಿಬಿಡಿ. ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥೆ 2013ರಿಂದ ಇದೆ. ಖಾತೆ ಎಷ್ಟು ತಿಂಗಳು ಸುಮ್ಮನಿದ್ದರೆ ಯಾರಿಗೆ ಏನು ಕೊಡಬೇಕು ಎಂದು ನೀವೇ ಬರೆಯಬಹುದು. 10 ಜನರವರೆಗೆ ಹೆಸರಿಸಬಹುದು. ಫೇಸ್‌ಬುಕ್‌ನಲ್ಲಿ ನೀವು ಹೆಸರಿಸಿದವರು ನಿಮ್ಮ ಪುಟ ನೋಡಿಕೊಳ್ಳಬಹುದು, ಖಾಸಗಿ ಮೆಸೇಜ್ ಓದಲಾಗದು. ಆಪಲ್‌ನಲ್ಲಿ ನೀವು ಹೆಸರಿಸಿದವರಿಗೆಂದು ಒಂದು ಕೀ, ಅಂದರೆ ಗುಟ್ಟಿನ ಸಂಕೇತ, ಕೊಡುತ್ತಾರೆ. ಆ ಕೀ ಜೊತೆ ಮರಣ ಪ್ರಮಾಣಪತ್ರವೂ ಬೇಕು. ಫೋಟೋ, ಮೆಸೇಜ್ ಸಿಗುತ್ತವೆ. ಉಳಿಸಿಟ್ಟ ಪಾಸ್‌ವರ್ಡ್‌ಗಳು ಸಿಗುವುದಿಲ್ಲ.

ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣವನ್ನು ಸ್ವಂತ ವಾಲೆಟ್‌ನಲ್ಲಿ, ಅಂದರೆ ಕೀ ತಮ್ಮ ಕೈಯಲ್ಲೇ ಇರುವ ಹಾಗೆ, ಇಟ್ಟವರು ಜಾಸ್ತಿ ಎಚ್ಚರವಾಗಿರಬೇಕು. ಅದರ ಕೀ ಕಳೆದರೆ ಯಾವ ಕೋರ್ಟೂ ತೆಗೆಸಿಕೊಡಲಾರದು.

ಯಾರಾದರೂ ಹೋದ ಮನೆಯಲ್ಲಿ ನೀವಿದ್ದರೆ, ನಂಬರ್ ನಿಲ್ಲಿಸಲು ಅವಸರ ಬೇಡ. ಫೋನ್ ರೀಸೆಟ್ ಮಾಡಬೇಡಿ. ಪಾಸ್‌ವರ್ಡ್ ಊಹಿಸುತ್ತಾ ಕೂರಬೇಡಿ, ಫೋನ್ ಲಾಕ್ ಆಗಿಬಿಡುತ್ತದೆ. ಗೊತ್ತಿದ್ದರೂ ಹಾಕಿ ಒಳಹೋಗುವುದಕ್ಕೆ ಹಲವು ಕಂಪನಿಗಳ ನಿಯಮ ಒಪ್ಪುವುದಿಲ್ಲ. ನಾವೂ ಕಂಪನಿಯನ್ನೇ ಮೊದಲು ಕೇಳಬೇಕಿತ್ತು.

ಮಾವನ ಫೋಟೋಗಳು ಇನ್ನೂ ಸಿಕ್ಕಿಲ್ಲ. ಅತ್ತೆ ಮಾತ್ರ ತಮ್ಮ ಫೋನಿನಲ್ಲಿ ನನ್ನ ಹೆಸರು ಹಾಕಿದ್ದಾರೆ. ಕೀ ಪ್ರಿಂಟ್ ಮಾಡಿದ ಹಾಳೆಯನ್ನು ಎರಡು ಸಲ ಮಡಚಿ ಉಯಿಲಿನ ಲಕೋಟೆಯೊಳಗೆ ಇಟ್ಟರು.

ನಮಸ್ಕಾರ.